ಒಂಬತ್ತು ಹಾಡು, ಹದಿನಾಲ್ಕು ತಿಂಗಳು: ತುಮಕೂರಿನಿಂದ ಒಂದು ರಾಕ್ ಆಲ್ಬಂ

ನಮ್ಮ ತಂಡದ ಮೊದಲ ಸ್ಟುಡಿಯೊ ಆಲ್ಬಂ ಕಳೆದ ಜನವರಿಯಲ್ಲಿ ಹೊರಬಂತು. ಅದಕ್ಕೆ ಸಂಬಂಧಿಸಿದ ಕೊನೆಯ ಕಾಗದಕ್ಕೆ ಸಹಿ ಹಾಕಿದ್ದು ಮಾತ್ರ ಕಳೆದ ವಾರ. ಶುರು ಮಾಡುವಾಗ ನಾಲ್ಕು ತಿಂಗಳು ಸಾಕು, 80,000 ರೂಪಾಯಿ ಸಾಕು ಎಂದುಕೊಂಡಿದ್ದೆವು. ಆದದ್ದು ಹದಿನಾಲ್ಕು ತಿಂಗಳು ಮತ್ತು 2,01,060 ರೂಪಾಯಿ. ಲೆಕ್ಕದ ಪುಸ್ತಕ ನನ್ನ ಬಳಿಯೇ ಇದ್ದುದರಿಂದ ಕೊನೆಯ ಅರವತ್ತು ರೂಪಾಯಿಯೂ ನೆನಪಿದೆ. ನಮ್ಮ ಸುತ್ತಲಿನ ಊರುಗಳಲ್ಲಿ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ "ಯಾವ ಸ್ಟುಡಿಯೊ, ಎಷ್ಟಾಯಿತು" ಎಂದು ಕೇಳುತ್ತಾರೆ. ಆ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ. ಆದರೆ ನಮ್ಮ ಕಾಲ ಕಳೆದುಹೋದದ್ದು ಅವರು ಕೇಳದೆ ಬಿಡುವ ಸಂಗತಿಗಳಲ್ಲಿ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಾವು ನಾಲ್ವರು. ಗಾಯಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಗಿಟಾರ್ ನುಡಿಸುವವನಿಗೆ ಮೊಬೈಲ್ ರಿಪೇರಿಯ ಅಂಗಡಿಯಿದೆ, ಡ್ರಮ್ಮರ್ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಬಾಸ್ ಗಿಟಾರ್, ಹಾಡುಗಳ ಸಾಹಿತ್ಯ ಮತ್ತು ಜಮಾಖರ್ಚು ನನ್ನ ಪಾಲು. ನಾವು ನುಡಿಸುವುದು ಆಲ್ಟರ್ನೇಟಿವ್ ರಾಕ್. ಸಿನಿಮಾ ಹಾಡೂ ಅಲ್ಲದ, ಸುಗಮ ಸಂಗೀತವೂ ಅಲ್ಲದ ಇದನ್ನು ಮನೆಯವರಿಗೆ ವಿವರಿಸುವುದನ್ನು ಬಹಳ ಹಿಂದೆಯೇ ಬಿಟ್ಟಿದ್ದೇವೆ. ಜನಪದಕ್ಕೆ ರಾಕ್ ಬೆರೆಸುವ ಗಾಯಕ ರಘು ದೀಕ್ಷಿತ್ 2008ರಲ್ಲಿ, ಅದೇ ಬಗೆಯ ಬೆಂಗಳೂರಿನ ತಂಡ ಸ್ವರಾತ್ಮ 2009ರಲ್ಲಿ ತಮ್ಮ ಮೊದಲ ಆಲ್ಬಂ ತಂದಾಗ ನಾವಿನ್ನೂ ಶಾಲೆಯ ಹುಡುಗರು. "ಅವರ ಹಾಗೆಯೋ" ಎಂದು ಯಾರಾದರೂ ಕೇಳಿದರೆ ಹೌದೆಂದು ತಲೆಯಾಡಿಸುತ್ತೇವೆ, ನಮ್ಮ ಗಿಟಾರ್ ಅದಕ್ಕಿಂತ ಬಹಳ ಕರ್ಕಶವೆಂಬುದು ಗೊತ್ತಿದ್ದರೂ.

ನಮ್ಮ ಮೊದಲ ಅಂದಾಜು ಹುಟ್ಟಿದ್ದು ಡ್ರಮ್ಮರ್ ಹೇಳಿದ ಕಥೆಯೊಂದರಿಂದ. ಅಮೆರಿಕದ ನಿರ್ವಾಣ ತಂಡ 1989ರಲ್ಲಿ ತಂದ ಮೊದಲ ಆಲ್ಬಂ 'ಬ್ಲೀಚ್' ಸಿಯಾಟಲ್‌ನ ಸ್ಟುಡಿಯೊದಲ್ಲಿ ಸುಮಾರು ಮೂವತ್ತು ಗಂಟೆಗಳಲ್ಲಿ, 606 ಡಾಲರ್ 17 ಸೆಂಟ್ ಖರ್ಚಿನಲ್ಲಿ ಧ್ವನಿಮುದ್ರಣಗೊಂಡಿತ್ತು. ಅದನ್ನು ಇಂದಿನ ದರಕ್ಕೆ ಗುಣಿಸಿ, ಐವತ್ತು ಸಾವಿರ ಚಿಲ್ಲರೆಯಾಗುತ್ತದೆ, ಅದಕ್ಕೆ ಮೂವತ್ತು ಸೇರಿಸಿದರೆ ಮುಗಿಯಿತು ಎಂದು ಅವನು ಷರಾ ಬರೆದ. 1989ರ ಡಾಲರ್‌ನ ಬೆಲೆಯೇ ಬೇರೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಕಥೆಯ ಇನ್ನೊಂದು ತುದಿಯೂ ಆಗ ನಮ್ಮ ಕಿವಿಗೆ ಬೀಳಲಿಲ್ಲ. ಆ ಹಣವನ್ನು ಕೊಟ್ಟವನು ಜೇಸನ್ ಎವರ್ಮನ್ ಎಂಬ ಗಿಟಾರ್ ವಾದಕ. ಆಲ್ಬಮ್ಮಿನಲ್ಲಿ ಒಂದು ಸ್ವರವನ್ನೂ ನುಡಿಸದ ಅವನ ಹೆಸರು ಮುಖಪುಟದ ವಿವರಗಳಲ್ಲಿ ಗಿಟಾರ್ ವಾದಕನೆಂದು ಅಚ್ಚಾಯಿತು. ಯಾರ ಹೆಸರು ಎಲ್ಲಿ ಬರಬೇಕೆಂಬ ಪ್ರಶ್ನೆ ನಮ್ಮನ್ನೂ ಹುಡುಕಿಕೊಂಡು ಬರುವುದಿತ್ತು.

ಗುಬ್ಬಿಯ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಗಿಟಾರ್ ವಾದಕನ ಸೋದರಮಾವನದೊಂದು ಹಳೆಯ ಅಡಿಕೆ ಗೋದಾಮಿದೆ. ನಮ್ಮ ತಾಲೀಮು ನಡೆಯುತ್ತಿದ್ದುದು ಅಲ್ಲಿ. ತಗಡಿನ ಚಾವಣಿಯಾದ್ದರಿಂದ ಡ್ರಮ್ ಒಂದು ಪೆಟ್ಟು ಬಿದ್ದರೆ ಮೂರಾಗಿ ಕೇಳುತ್ತಿತ್ತು. ಮೊದಲು ಎಲ್ಲರ ಹಾಗೆ ನಾವೂ ಮೊಟ್ಟೆಯ ಟ್ರೇಗಳನ್ನು ತಂದು ಗೋಡೆಗೆ ಅಂಟಿಸಿದೆವು. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಅವು ಹೊರಗಿನ ಸದ್ದನ್ನು ತಡೆಯುವುದಿಲ್ಲ, ಒಳಗಿನ ಬಾಸ್ ಸದ್ದನ್ನು, ಅಂದರೆ ತಗ್ಗು ಸ್ವರಗಳನ್ನು, ಹೀರುವುದೂ ಇಲ್ಲ, ಜಿರಲೆಗಳಿಗೆ ಮಾತ್ರ ಅನುಕೂಲ. ಕೊನೆಗೆ ಕೆಲಸಕ್ಕೆ ಬಂದದ್ದು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಸಿಗುವ ತೆಂಗಿನ ನಾರು. ದಪ್ಪ ನಾರಿನ ಚಾಪೆಗಳನ್ನು ಗೋಡೆಯಿಂದ ಒಂದು ಗೇಣು ದೂರಕ್ಕೆ ತೂಗುಹಾಕಿ, ನಾಲ್ಕು ಮೂಲೆಗಳಲ್ಲಿ ಅಡಿಕೆ ಸಿಪ್ಪೆ ತುಂಬಿದ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಿದೆವು. ಒಂದೇ ವಾರದಲ್ಲಿ ನನ್ನ ಬಾಸ್‌ನ ಸ್ವರಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

ಆಗ ಎದ್ದು ಕೇಳಿದ್ದು ಗುಂಯ್‌ಗುಡುವಿಕೆ. ಗಿಟಾರಿನ ಆಂಪ್ಲಿಫೈಯರ್ ಹಾಕಿದೊಡನೆ ಜೇನುಹುಳುಗಳ ಗೂಡಿಗೆ ಕೈಹಾಕಿದಂತೆ ಒಂದು ಸದ್ದು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು; ಅರ್ತಿಂಗ್ ಸರಿಯಿಲ್ಲದಿದ್ದರೆ ಆ 50 ಮತ್ತು ಅದರ ದುಪ್ಪಟ್ಟು ನೂರು ಎಲ್ಲ ಹಾಡುಗಳಲ್ಲಿಯೂ ಕೂತುಬಿಡುತ್ತವೆ. ಪೆಡಲ್ಲುಗಳನ್ನು, ಕೇಬಲ್ಲುಗಳನ್ನು ಬದಲಿಸಿ ಮೂರು ಸಾವಿರ ಕಳೆದ ಮೇಲೆ ಗೋದಾಮಿನ ವೈರಿಂಗ್ ಮಾಡಿದ್ದ ಹಿರಿಯರು ಬಂದು, ಹಿತ್ತಲಿನ ಅರ್ತಿಂಗ್ ಗುಂಡಿ ತೋಡಿಸಿ, ಇದ್ದಿಲು ಮತ್ತು ಕಲ್ಲುಪ್ಪು ತುಂಬಿ, ನಾಲ್ಕು ಬಿಂದಿಗೆ ನೀರು ಹೊಯ್ಯಿಸಿದರು. ಮುಕ್ಕಾಲು ಪಾಲು ಸದ್ದು ಅಲ್ಲಿಗೇ ಅಡಗಿತು. ಅದರ ಖರ್ಚು ಇನ್ನೂರು ರೂಪಾಯಿ.

ಆರಂಭದಲ್ಲಿ ಹನ್ನೊಂದು ಹಾಡುಗಳಿದ್ದವು. ಅವುಗಳಲ್ಲಿ ಎರಡನ್ನು ಕೈಬಿಡಬೇಕಾಯಿತು, ಮೂರನೆಯದರ ಧಾಟಿಯನ್ನು ಹೊಸದಾಗಿ ಕಟ್ಟಬೇಕಾಯಿತು. ಕೈಬಿಟ್ಟವುಗಳಲ್ಲಿ ಒಂದು, 1980ರ ದಶಕದಲ್ಲಿ ತೀರಿಕೊಂಡ ಕವಿಯೊಬ್ಬರ ಪದ್ಯಕ್ಕೆ ನಾವು ಹಾಕಿದ್ದ ರಾಗ. ಪಠ್ಯಪುಸ್ತಕದಲ್ಲಿರುವ ಪದ್ಯ ಎಲ್ಲರದೂ ಎಂದೇ ನಾನು ತಿಳಿದಿದ್ದೆ. ಹಾಗಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷಗಳ ಕಾಲ ಹಕ್ಕು ಅವರ ವಾರಸುದಾರರಲ್ಲಿ ಉಳಿಯುತ್ತದೆ. 1975ರಲ್ಲಿ ನಿಧನರಾದ ಡಿ.ವಿ.ಜಿ.ಯವರ ಪದ್ಯಗಳಿಗೇ 2035ರ ಕೊನೆಯವರೆಗೆ ಅನುಮತಿ ಬೇಕು. ನಾವು ಅನುಮತಿ ಕೋರಿ ಪತ್ರ ಬರೆದು ಎರಡು ತಿಂಗಳು ಕಾದೆವು, ಉತ್ತರ ಬರಲಿಲ್ಲ, ಉತ್ತರವಿಲ್ಲದಿರುವುದು ಒಪ್ಪಿಗೆಯಲ್ಲ. ಮೂರನೆಯ ಹಾಡು ಎಡೆಯೂರು ಸಿದ್ಧಲಿಂಗೇಶ್ವರರ ವಚನ. ವಚನದ ಪಠ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಗಾಯಕಿ ಬಾಲ್ಯದಿಂದ ಹಾಡಿಕೊಂಡು ಬಂದಿದ್ದ ಧಾಟಿ ಹಳೆಯದಲ್ಲ, ಇತ್ತೀಚಿನವರೊಬ್ಬರು ಸಂಯೋಜಿಸಿದ್ದು ಎಂಬುದು ಹಳೆಯ ಕ್ಯಾಸೆಟ್ಟಿನ ಹೊದಿಕೆ ನೋಡಿದಾಗ ತಿಳಿಯಿತು. ಪಠ್ಯದ ಹಕ್ಕು ಬೇರೆ, ರಾಗಸಂಯೋಜನೆಯ ಹಕ್ಕು ಬೇರೆ. ನಾವು ಧಾಟಿಯನ್ನು ಪೂರ್ತಿ ಬದಲಿಸಿದೆವು. ಹೊಸದು ಹಳೆಯದಕ್ಕಿಂತ ಚೆನ್ನಾಗಿದೆ ಎಂದು ಗಾಯಕಿ ಇವತ್ತಿಗೂ ಒಪ್ಪುವುದಿಲ್ಲ.

ಶಿವರಾತ್ರಿಯ ಸಿದ್ಧಗಂಗಾ ಜಾತ್ರೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಡ್ರಮ್ ಮುದ್ರಣಕ್ಕೆ ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಎರಡು ದಿನ ಕಾದಿರಿಸಿದೆವು. ಗಿಟಾರ್, ಬಾಸ್, ಧ್ವನಿ ಇವನ್ನು ಊರಿನಲ್ಲಿಯೇ ಹೇಗೋ ಮುದ್ರಿಸಿಕೊಳ್ಳಬಹುದು. ಡ್ರಮ್‌ಗೆ ಮಾತ್ರ ಒಳ್ಳೆಯ ಕೋಣೆ ಮತ್ತು ಒಮ್ಮೆಲೇ ಹತ್ತು ಮೈಕುಗಳು ಬೇಕು. ದಿನಕ್ಕೆ 9,000 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಜಿಎಸ್‌ಟಿಯನ್ನು ಅಂದಾಜಿನಲ್ಲಿ ಸೇರಿಸಿಕೊಳ್ಳಲು ನಾನು ಮರೆತಿದ್ದೆ. ಬೆಳಗಿನ ರೈಲಿನಲ್ಲಿ ಸಿಂಬಲ್ಲುಗಳನ್ನೂ ಸ್ನೇರ್ ಡ್ರಮ್ಮನ್ನೂ ತೊಡೆಯ ಮೇಲಿಟ್ಟುಕೊಂಡು, ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ನಿಂತು ಕೂತು ಕಳೆದು ಯಶವಂತಪುರದಲ್ಲಿ ಇಳಿದೆವು. ಸಹಪ್ರಯಾಣಿಕರೊಬ್ಬರು ಅದು ಅಡುಗೆಯ ಪಾತ್ರೆಯೇ ಎಂದು ಕೇಳಿದರು.

ಮೊದಲ ದಿನ ಹತ್ತು ಗಂಟೆಗೆ ಒಳಹೊಕ್ಕವರು ಮೊದಲ ಟೇಕ್, ಅಂದರೆ ಹಾಡನ್ನು ಒಮ್ಮೆ ನುಡಿಸಿ ಮುದ್ರಿಸುವುದು, ತೆಗೆದುಕೊಂಡದ್ದು ಸಂಜೆ ನಾಲ್ಕೂವರೆಗೆ. ಅಷ್ಟೂ ಹೊತ್ತು ನಡೆದದ್ದು ಡ್ರಮ್ ಶ್ರುತಿ ಮಾಡುವುದು, ಮೈಕುಗಳನ್ನು ಅಂಗುಲ ಅಂಗುಲ ಸರಿಸುವುದು. ಒಂದೇ ಪೆಟ್ಟಿನ ಸದ್ದು ಎರಡು ಮೈಕುಗಳಿಗೆ ಬೇರೆ ಬೇರೆ ಹೊತ್ತಿಗೆ ತಲುಪಿದರೆ ಒಂದರ ಅಲೆ ಇನ್ನೊಂದನ್ನು ನುಂಗಿ, ಗಟ್ಟಿ ಡ್ರಮ್ಮು ರಟ್ಟಿನ ಡಬ್ಬದಂತೆ ಕೇಳುತ್ತದೆ. ತಂತ್ರಜ್ಞರು ತಾಳ್ಮೆಯಿಂದ ಎಲ್ಲವನ್ನೂ ತೋರಿಸಿಕೊಟ್ಟರು, ಗಡಿಯಾರ ಮಾತ್ರ ನಮ್ಮ ದುಡ್ಡಿನಲ್ಲಿ ಓಡುತ್ತಿತ್ತು. ಡ್ರಮ್ಮಿನ ಹೊದಿಕೆಗಳನ್ನು ಹಿಂದಿನ ರಾತ್ರಿ ಬದಲಿಸಿದ್ದು ನಮ್ಮ ತಪ್ಪು. ಹೊಸ ಹೊದಿಕೆ ಹಿಗ್ಗುತ್ತಲೇ ಇರುವುದರಿಂದ ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತಿತ್ತು. ವಾರ ಮೊದಲೇ ಹಾಕಿ, ಬಡಿದು, ಹದಕ್ಕೆ ತಂದುಕೊಂಡು ಹೋಗಿ. ಹಾಗೆಯೇ ಎಲ್ಲ ಹಾಡುಗಳ ವೇಗವನ್ನೂ ಮೊದಲೇ ಬರೆದಿಟ್ಟುಕೊಂಡು, ಕಿವಿಯಲ್ಲಿ ಒಂದೇ ವೇಗದ ತಾಳ ಹಿಡಿಯುವ ಕ್ಲಿಕ್ ಸದ್ದಿನೊಂದಿಗೆ ಕನಿಷ್ಠ ಒಂದು ತಿಂಗಳು ತಾಲೀಮು ನಡೆಸಿ. ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದ ನಮ್ಮ ಡ್ರಮ್ಮರ್ ಎರಡನೆಯ ದಿನ ರಾತ್ರಿ ಎಂಟರ ಹೊತ್ತಿಗೆ ಒಂಬತ್ತನೆಯ ಹಾಡು ಮುಗಿಸಿ, ಹೆಡ್‌ಫೋನ್ ತೆಗೆಯದೆಯೇ ಗೋಡೆಗೊರಗಿ ಮಲಗಿಬಿಟ್ಟ.

ಬಾಸ್ ಮತ್ತು ಗಿಟಾರನ್ನು ಗೋದಾಮಿನಲ್ಲಿ ಮುದ್ರಿಸಿದ್ದು ಮೇ ಮತ್ತು ಜೂನ್‌ನಲ್ಲಿ. ಆ ಕೆಲಸದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತಂತಿಗಳನ್ನು ಹೊಸದಾಗಿ ಹಾಕಿಕೊಂಡೆವು, ವಿದ್ಯುತ್ ಹೋದಾಗಲೆಲ್ಲ ಚಹಾ ಕುಡಿದೆವು.

ಗಾಯನಕ್ಕೆ ಕೂರುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಗೋದಾಮಿನ ಮಾಲೀಕರು, ಅಡಿಕೆ ಕೊಯ್ಲು ಶುರುವಾಯಿತು, ಜಾಗ ಬಿಡಿ ಎಂದರು. ಕರಾರು ಇರಲಿಲ್ಲ, ಸಂಬಂಧವಿತ್ತು, ಆದ್ದರಿಂದ ವಾದಿಸುವಂತಿರಲಿಲ್ಲ. ಶೆಟ್ಟಿಹಳ್ಳಿಯಲ್ಲಿರುವ ಗಾಯಕಿಯ ಮನೆಯ ಮಹಡಿಯ ಕೋಣೆಯಲ್ಲಿ ಅವಳ ಅಜ್ಜಿ ಹೊಲಿದಿದ್ದ ಆರು ಕೌದಿಗಳನ್ನು ಹಗ್ಗಕ್ಕೆ ಇಳಿಬಿಟ್ಟು ಒಂದು ಗೂಡು ಮಾಡಿಕೊಂಡೆವು. ಧ್ವನಿಗೆ ಅದು ನಿಜಕ್ಕೂ ಒಳ್ಳೆಯ ಕೋಣೆಯಾಯಿತು. ಆದರೆ ಗಣೇಶನ ಹಬ್ಬ ಬಂತು. ಎರಡು ಬೀದಿ ಆಚೆಯ ಪೆಂಡಾಲಿನ ಧ್ವನಿವರ್ಧಕ ಹಗಲಿಡೀ ಹಾಡುತ್ತಿತ್ತು, ಅದು ನಿಂತ ಮೇಲೆ ನಾಯಿಗಳು. ರಾತ್ರಿ ಹನ್ನೊಂದರಿಂದ ಎರಡರವರೆಗೆ ಮಾತ್ರ ನಮಗೆ ಮೌನ ಸಿಗುತ್ತಿತ್ತು, ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಅವಳು ಬೀಜಗಣಿತ ಹೇಳಿಕೊಡಬೇಕಿತ್ತು. ಮೂರನೆಯ ವಾರ ಅವಳ ಗಂಟಲು ಕಟ್ಟಿತು. ಹದಿನೆಂಟು ದಿನ ಅವಳು ಶಾಲೆಯಲ್ಲಿ ಮಾತನಾಡುವಷ್ಟಕ್ಕೆ ಧ್ವನಿಯನ್ನು ಉಳಿಸಿಕೊಂಡು, ಮನೆಯಲ್ಲಿ ಚೀಟಿ ಬರೆದು ತೋರಿಸುತ್ತಿದ್ದಳು. ತನ್ನ ಧ್ವನಿಯನ್ನು ಯಾವ ಅಲಂಕಾರವೂ ಇಲ್ಲದೆ ಹೆಡ್‌ಫೋನಿನಲ್ಲಿ ಮೊದಲ ಬಾರಿ ಕೇಳಿಸಿಕೊಂಡಾಗ ಅವಳು ಅತ್ತದ್ದನ್ನೂ ಇಲ್ಲಿ ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ. ಎಲ್ಲ ಗಾಯಕರಿಗೂ ಹೀಗಾಗುತ್ತದಂತೆ. ಮೊದಲೇ ತಿಳಿದಿದ್ದರೆ ಆ ರಾತ್ರಿ ನಾವು ಮೂವರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಈ ಧ್ವನಿಯನ್ನು ಶುದ್ಧಗೊಳಿಸಲು ಕಳಿಸಿದ್ದು ಕನ್ನಡ ಬಾರದ ಸಂಕಲನಕಾರರೊಬ್ಬರಿಗೆ. ಅವರು ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಸಾಲುಗಳ ನಡುವಿನ ಉಸಿರಿನ ಸದ್ದನ್ನೆಲ್ಲ ಕತ್ತರಿಸುತ್ತ ಹೋದವರು ನಮ್ಮ ಹಕಾರಗಳನ್ನೂ ಉಸಿರೆಂದು ಭಾವಿಸಿ ಕತ್ತರಿಸಿದ್ದರು. "ಹಾಡು ಮುಗಿಯಲಿಲ್ಲ" ಎಂಬ ಸಾಲು "ಆಡು ಮುಗಿಯಲಿಲ್ಲ" ಎಂದಾಗಿ, ವಿರಹದ ಹಾಡೊಂದು ಮೇಕೆ ಕಾಯುವವನ ಹಾಡಾಯಿತು. ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ಜಾರುವುದುಂಟಾದ್ದರಿಂದ ಇದು ಎರಡು ದಿನ ನಮ್ಮ ಕಿವಿಗೂ ಬೀಳಲಿಲ್ಲ. ಗಣಿತದ ಮೇಡಂ ಕಂಡುಹಿಡಿದಳು. ಕನ್ನಡ ತಿಳಿಯದವರಿಗೆ ಧ್ವನಿಯ ಕೆಲಸ ಕೊಡುವುದಾದರೆ ಸಾಹಿತ್ಯವನ್ನು ಬರೆದು, ಯಾವ ಅಕ್ಷರಕ್ಕೆ ಉಸಿರು ಬೇಕೆಂದು ಗುರುತು ಹಾಕಿ ಕಳಿಸಿ. ಮುದ್ರಿಸುವಾಗ ಪ, ಭ, ಫ ಅಕ್ಷರಗಳ ಗಾಳಿ ಮೈಕಿಗೆ ನೇರವಾಗಿ ಬಡಿಯದಂತೆ ಬಟ್ಟೆಯ ಜಾಲರಿಯನ್ನು ಅಡ್ಡ ಇಡುವುದಂತೂ ಕಡ್ಡಾಯ.

ಇನ್ನು ಆರನೆಯ ಹಾಡಿನ ವಿಷಯ. ಬಹಳ ಜನ ಈಗ ಕೇಳುತ್ತಿರುವುದು ಅದನ್ನೇ, ನಮ್ಮನ್ನು ಒಡೆಯುವ ಹಂತಕ್ಕೆ ತಂದದ್ದೂ ಅದೇ. ಆ ಹಾಡಿಗೆ ತಮಟೆ ಬೇಕೆಂದು ಮೊದಲಿನಿಂದಲೂ ನನ್ನ ಆಸೆ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ತಮಟೆಯ ಬಗ್ಗೆ ಭಾಷಣ ಮಾಡುವವರು ಹೆಚ್ಚಾದರು, ಅದನ್ನು ಬಾರಿಸುವವರ ದಿನಗೂಲಿ ಮಾತ್ರ ಹೆಚ್ಚಾದಂತೆ ಕಾಣುವುದಿಲ್ಲ. ಕೊರಟಗೆರೆ ಕಡೆಯ ಹಳ್ಳಿಯೊಂದರ ಮೂವರನ್ನು ಒಪ್ಪಿಸಿದೆವು. ತಲೆಗೆ ದಿನಕ್ಕೆ 2,500 ರೂಪಾಯಿಯಂತೆ ಎರಡು ದಿನ, ಒಂದು ತಾಲೀಮಿಗೆ, ಒಂದು ಮುದ್ರಣಕ್ಕೆ. ದಸರೆ ಮುಗಿದ ಮೇಲೆ ಅದೇ ಬೆಂಗಳೂರಿನ ಸ್ಟುಡಿಯೊದಲ್ಲಿ ಇನ್ನೊಂದು ದಿನ ಹಿಡಿದೆವು.

ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಿದರೆ ಮಾತ್ರ ಅದು ನುಡಿಯುತ್ತದೆ. ಸ್ಟುಡಿಯೊ ಇದ್ದದ್ದು ಮೂರನೆಯ ಮಹಡಿಯಲ್ಲಿ, ಅದೂ ಹವಾನಿಯಂತ್ರಿತ ಕೋಣೆ, ಹೊರಗೆ ಜಿಟಿಜಿಟಿ ಮಳೆ. ಒಳಗೆ ಬೆಂಕಿ ಹಚ್ಚಲು ಅವರು ಒಪ್ಪಲಿಲ್ಲ, ಒಪ್ಪುವುದು ಸಾಧ್ಯವೂ ಇರಲಿಲ್ಲ. ಕೆಳಗಿನ ಅಂಗಳದ ಮೂಲೆಯಲ್ಲಿ ಹಳೆಯ ಪತ್ರಿಕೆ ಮತ್ತು ತೆಂಗಿನ ಗರಿಯ ಬೆಂಕಿ ಮಾಡಿ, ಕಾಯಿಸಿದ ತಮಟೆಗಳನ್ನು ಟವಲಿನಲ್ಲಿ ಸುತ್ತಿ ಮೇಲಕ್ಕೆ ಓಡುತ್ತಿದ್ದೆವು. ಲಿಫ್ಟ್ ಬರುವುದು ತಡವಾದರೆ ಮತ್ತೆ ಕೆಳಕ್ಕೆ. ಒಂದೂವರೆ ಟೇಕ್ ಆಗುವಷ್ಟರಲ್ಲಿ ಸದ್ದು ಸಡಿಲಾಗುತ್ತಿತ್ತು. ಕೊನೆಗೆ ಎಸಿ ನಿಲ್ಲಿಸಿ, ಎರಡು ಹ್ಯಾಲೊಜನ್ ದೀಪಗಳನ್ನು ತರಿಸಿ, ನುಡಿಸದ ಹೊತ್ತಿನಲ್ಲೆಲ್ಲ ತಮಟೆಗಳನ್ನು ಅವುಗಳ ಮುಂದೆ ಒರಗಿಸಿ ಇಡತೊಡಗಿದೆವು. ಈ ಉಪಾಯ ಹೇಳಿಕೊಟ್ಟದ್ದು ಮೂವರಲ್ಲಿ ಕಿರಿಯವನು, ಮದುವೆಯ ಮನೆಗಳಲ್ಲಿ ವಿಡಿಯೊದವರ ದೀಪಕ್ಕೆ ತಮಟೆ ಹಿಡಿದು ಕಾಯಿಸುವುದು ಅವನಿಗೆ ರೂಢಿ.

ಎರಡನೆಯ ತೊಡಕು ಕ್ಲಿಕ್. ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಯಂತ್ರಕ್ಕೆ ಅವರ ಕೈ ಕಟ್ಟಿಹಾಕಿದಂತಾಯಿತು. ಮೂವರಲ್ಲಿ ಹಿರಿಯರು ಹೆಡ್‌ಫೋನ್ ತೆಗೆದಿಟ್ಟು, "ಇದು ನನಗಿಂತ ಮುಂಚೆ ದಣಿಯುವುದಿಲ್ಲ, ಇದರ ಜೊತೆ ನುಡಿಸಿದರೆ ನಾನೇ ಸೋಲುತ್ತೇನೆ" ಎಂದರು. ಡ್ರಮ್ಮರ್ ಅವರೆದುರು ಕುಳಿತು, ಕ್ಲಿಕ್ ಇಲ್ಲದೆ, ಕಣ್ಣು ನೋಡಿಕೊಂಡು ಒಟ್ಟಿಗೆ ನುಡಿಸಿದ. ಅದೇ ಆಲ್ಬಮ್ಮಿನಲ್ಲಿರುವ ಟೇಕ್. ಅದು ನಿಮಿಷಕ್ಕೆ 112 ಪೆಟ್ಟಿನಿಂದ ಆರಂಭವಾಗಿ ಕೊನೆಗೆ 119 ಮುಟ್ಟುತ್ತದೆ. ಹಾಗಾಗಿ ಏಪ್ರಿಲ್‌ನ ಡ್ರಮ್ಮು, ಜೂನ್‌ನ ಬಾಸ್ ಮತ್ತು ಗಿಟಾರು, ಸೆಪ್ಟೆಂಬರ್‌ನ ಧ್ವನಿ ಎಲ್ಲವನ್ನೂ ಬಿಸಾಡಿ, ಆ ಏರುವ ವೇಗಕ್ಕೆ ಹೊಸದಾಗಿ ನುಡಿಸಬೇಕಾಯಿತು. ಜನಪದ ವಾದ್ಯ ಬೇಕೆನ್ನುವವರು ಅದನ್ನು ಎಲ್ಲಕ್ಕಿಂತ ಮೊದಲು ಮುದ್ರಿಸಿಕೊಂಡು, ಉಳಿದದ್ದನ್ನು ಅದರ ಮೇಲೆ ಕಟ್ಟಿ. ನಾವು ಮನೆ ಕಟ್ಟಿದ ಮೇಲೆ ಪಾಯ ತೋಡಿದೆವು.

ಜಗಳ ಶುರುವಾದದ್ದು ಮರಳುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದಾಗ. ತಮಟೆಯವರಿಗೆ ಕೂಲಿ ಕೊಟ್ಟಾಯಿತು, ಹೆಸರು ಹಾಕೋಣ, ಅಲ್ಲಿಗೆ ಮುಗಿಯಿತು ಎಂದು ಗಿಟಾರ್ ವಾದಕ ಹೇಳಿದ. ಈ ಹಾಡು ಈಗ ನಿಂತಿರುವುದೇ ಅವರ ನಡೆಯ ಮೇಲೆ, ಆದಾಯದಲ್ಲಿ ಪಾಲು ಕೊಡಬೇಕು ಎಂದು ಗಾಯಕಿ ಹೇಳಿದಳು. ಹಾಗಾದರೆ ರಾಗ ಕಟ್ಟಿದವನ ಪಾಲೆಷ್ಟು, ಸಾಹಿತ್ಯ ಬರೆದವನದೆಷ್ಟು, ಬರೀ ನುಡಿಸಿದವನದೆಷ್ಟು ಎಂಬ ಮಾತು ಎದ್ದು, ಆರನೆಯ ಹಾಡಿನಿಂದ ಒಂಬತ್ತೂ ಹಾಡುಗಳಿಗೆ ಹರಡಿತು. ನಾಲ್ಕು ವರ್ಷ ಒಟ್ಟಿಗೆ ನುಡಿಸಿದ ನಾವು ಯಾವ ಹಾಡನ್ನು ಯಾರು ಮಾಡಿದರು ಎಂಬುದನ್ನು ನಾಲ್ಕು ಬಗೆಯಾಗಿ ನೆನಪಿಟ್ಟುಕೊಂಡಿದ್ದೆವು. ಒಂದು ತಿಂಗಳು ಯಾರೂ ಯಾರ ಫೋನನ್ನೂ ಸರಿಯಾಗಿ ಎತ್ತಲಿಲ್ಲ. ಮಿಕ್ಸಿಂಗ್, ಅಂದರೆ ಮುದ್ರಿಸಿದ ಸದ್ದುಗಳನ್ನೆಲ್ಲ ಹದವಾಗಿ ಬೆರೆಸುವ ಕೆಲಸ, ನಿಂತಿತ್ತು.

ಆ ತಿಂಗಳಿನಲ್ಲಿಯೇ ಎಲ್ಲ ಕಡತಗಳಿದ್ದ ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡಿ ನಿಂತುಹೋಯಿತು. ನಾವು ಮುದ್ರಿಸಿದ ಗುಣಮಟ್ಟವಾದ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷದ ಸದ್ದು 8.6 ಎಂಬಿಯಷ್ಟಾಗುತ್ತದೆ, ಹತ್ತಾರು ಮೈಕು, ಹತ್ತಾರು ಟೇಕ್ ಸೇರಿ ನಮ್ಮದು 90 ಜಿಬಿ ದಾಟಿತ್ತು. ಇನ್ನೊಂದು ಪ್ರತಿ ಮಾಡಲು ಸೋಮಾರಿತನ. ಕಡತಗಳನ್ನು ಹೊರತೆಗೆಸಲು 12,000 ರೂಪಾಯಿ ಮತ್ತು ಹನ್ನೆರಡು ದಿನ ಹಿಡಿದವು. ಆ ಹನ್ನೆರಡು ದಿನಗಳ ಭಯ ನಮ್ಮ ನಾಲ್ವರನ್ನೂ ಮತ್ತೆ ಒಂದೇ ಮೇಜಿಗೆ ತಂದಿತು ಎಂಬುದನ್ನೂ ಹೇಳಲೇಬೇಕು. ಆದರೂ ದಯವಿಟ್ಟು ಮೂರು ಪ್ರತಿ ಮಾಡಿ, ಒಂದನ್ನು ಬೇರೆಯವರ ಮನೆಯಲ್ಲಿಡಿ.

ಪರಿಚಯದ ವಕೀಲರೊಬ್ಬರು ನಮ್ಮನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಎರಡು ಪೆಟ್ಟಿಗೆ ಬರೆದರು. ಒಂದು ಹಾಡಿನ ರಚನೆ, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ಅದರ ಧ್ವನಿಮುದ್ರಣ. ಎರಡೂ ಬೇರೆ ಆಸ್ತಿ. ರಚನೆಯ ಗೌರವಧನ ಸಾಹಿತ್ಯಕಾರರಿಗೂ ಸಂಯೋಜಕರಿಗೂ ಸೇರುತ್ತದೆ, 2012ರ ತಿದ್ದುಪಡಿಯ ನಂತರ ಅದನ್ನು ಬರೆದುಕೊಟ್ಟು ಕಳೆದುಕೊಳ್ಳುವಂತೆಯೂ ಇಲ್ಲ. ಅದನ್ನು ಸಂಗ್ರಹಿಸಿ ಹಂಚುವುದಕ್ಕೆ 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆ ಇದೆ. ಹಾಡು ಕೇಳಿಸುವ ತಾಣಗಳಿಂದ, ಹಾಡನ್ನು ಅಲ್ಲಿಗೆ ತಲುಪಿಸುವ ವಿತರಕರ ಮೂಲಕ ನಮ್ಮ ಕೈಗೆ ಬರುವ ಹಣ ಧ್ವನಿಮುದ್ರಣದ್ದು. ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದೂ ಇದೆ, ಅದು ಐವತ್ತು ವರ್ಷ ಇರುತ್ತದೆ. ಇಷ್ಟು ಬಿಡಿಸಿ ಹೇಳಿದ ಮೇಲೆ ಅರ್ಧ ಜಗಳ ತಾನಾಗಿ ಇಳಿಯಿತು. ರಚನೆಯನ್ನು ಹಾಡು ಹಾಡಿಗೂ ಬೇರೆಯಾಗಿ, ಧ್ವನಿಮುದ್ರಣವನ್ನು ನಾಲ್ವರಿಗೂ ಸಮವಾಗಿ ಹಂಚಿಕೊಂಡೆವು. ಆರನೆಯ ಹಾಡಿನ ಧ್ವನಿಮುದ್ರಣದಲ್ಲಿ ಶೇಕಡ 30ನ್ನು ಮೂವರು ತಮಟೆ ಕಲಾವಿದರಿಗೆ ಎಂದು ಬರೆದೆವು. ಅದು ಕಡಿಮೆ ಎಂದು ಗಾಯಕಿಗೂ ಹೆಚ್ಚು ಎಂದು ಗಿಟಾರ್ ವಾದಕನಿಗೂ ಈಗಲೂ ಅನಿಸುತ್ತದೆ, ನನಗೆ ಗಾಯಕಿಯ ಮಾತೇ ಸರಿಯೆನಿಸುತ್ತದೆ. ಸ್ಟಾಂಪ್ ಕಾಗದ, ನೋಟರಿ ಸೇರಿ 1,500 ರೂಪಾಯಿಯಾಯಿತು. ಈ ಕಾಗದವನ್ನು ತಾಲೀಮಿನ ಮೊದಲ ದಿನವೇ, ಹಾಡು ಇನ್ನೂ ಯಾರಿಗೂ ಇಷ್ಟವಾಗದಿರುವಾಗಲೇ ಬರೆದುಕೊಳ್ಳಿ.

ಕೃತಿಸ್ವಾಮ್ಯ ಹಾಡು ಹುಟ್ಟಿದೊಡನೆ ಬರುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಹಿತ್ಯ ಅಥವಾ ಸಂಗೀತ ಕೃತಿಯೊಂದಕ್ಕೆ ಶುಲ್ಕ 500, ಧ್ವನಿಮುದ್ರಣಕ್ಕೆ 2,000 ರೂಪಾಯಿ. ನಮ್ಮ ಕೈ ಆಗಲೇ ಬರಿದಾಗಿದ್ದರಿಂದ ಎರಡು ಹಾಡುಗಳ ಸಾಹಿತ್ಯಕ್ಕೆ ಮಾತ್ರ ಅರ್ಜಿ ಹಾಕಿದೆವು. ಡೈರಿ ಸಂಖ್ಯೆ ಬಂದ ಮೇಲೆ ಆಕ್ಷೇಪಣೆಗಾಗಿ ಮೂವತ್ತು ದಿನ ಕಾಯಲೇಬೇಕು.

ಮಿಕ್ಸಿಂಗ್ ಮತ್ತು ಬಿಡುಗಡೆಗೆ ಮುನ್ನ ಸದ್ದಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ಗೆ 81,000 ರೂಪಾಯಿಯಾಯಿತು, ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದೇ. ಎಷ್ಟು ಬಾರಿ ತಿದ್ದಿಕೊಡುತ್ತಾರೆಂಬುದನ್ನು ಮೊದಲೇ ಕೇಳಿ. ನಮಗೆ ಮೂರು ಬಾರಿ ಉಚಿತವಿತ್ತು. ಎರಡನ್ನು "ಗಿಟಾರ್ ಸ್ವಲ್ಪ ಮುಂದೆ", "ಗಿಟಾರ್ ಸ್ವಲ್ಪ ಹಿಂದೆ" ಎನ್ನುವುದರಲ್ಲಿಯೇ ಕಳೆದೆವು. ಆಮೇಲೆ ಬುದ್ಧಿ ಬಂದು, ಒಂದೇ ಹಾಡನ್ನು ಮೊಬೈಲಿನ ಸ್ಪೀಕರಿನಲ್ಲಿ, ಇನ್ನೂರು ರೂಪಾಯಿಯ ಇಯರ್‌ಫೋನಿನಲ್ಲಿ, ಗೆಳೆಯನ ಕಾರಿನಲ್ಲಿ ಮತ್ತು ಬಿ.ಎಚ್. ರಸ್ತೆಯ ಗದ್ದಲದಲ್ಲಿ ಆಟೋದೊಳಗೆ ಕೇಳಿ, ನಾಲ್ವರೂ ಒಪ್ಪಿದ್ದನ್ನು ಮಾತ್ರ ಪಟ್ಟಿ ಮಾಡಿ ಕಳಿಸಿದೆವು. ಎಷ್ಟು ಜೋರಾಗಿ ಮಾಸ್ಟರ್ ಮಾಡಬೇಕೆಂದು ಬಹಳ ತಲೆ ಕೆಡಿಸಿಕೊಳ್ಳಬೇಡಿ. ಹಾಡು ಕೇಳಿಸುವ ತಾಣವಾದ ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸಿಗೆ ತಂದೇ ನುಡಿಸುತ್ತದೆ.

ಹಾಡುಗಳನ್ನು ವಿತರಕರ ತಾಣಕ್ಕೆ ಏರಿಸುವುದು ಒಂದು ಸಂಜೆಯ ಕೆಲಸವೆಂದುಕೊಂಡಿದ್ದೆ, ಐದು ವಾರ ಹಿಡಿಯಿತು. ಮುಖಪುಟ 3000 ಚುಕ್ಕೆ ಅಗಲ, ಅಷ್ಟೇ ಎತ್ತರ ಇರಬೇಕು. ನಮ್ಮದರಲ್ಲಿ ಫೋಟೊ ತೆಗೆದವರ ಫೋನ್ ಸಂಖ್ಯೆ ಮೂಲೆಯಲ್ಲಿತ್ತು, ತಿರಸ್ಕೃತವಾಯಿತು. ಮುಖಪುಟದ ಮೇಲೆ ಕನ್ನಡ ಅಕ್ಷರ, ವಿವರಗಳಲ್ಲಿ ಇಂಗ್ಲಿಷ್ ಲಿಪಿ ಇದ್ದುದರಿಂದ ಎರಡೂ ಹೊಂದುತ್ತಿಲ್ಲವೆಂದು ಮತ್ತೆ ತಿರಸ್ಕೃತವಾಯಿತು. ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರವಿರುವ ಲಿಪಿಯಲ್ಲಿ ನಮ್ಮ ಹಾಡುಗಳ ಹೆಸರು ಬರೆಯುವುದು ಹಿಂಸೆ. ಕೊನೆಗೆ ಎರಡೂ ಕಡೆ ಕನ್ನಡ ಲಿಪಿಯನ್ನೇ ಹಾಕಿದೆವು, ಸ್ವೀಕೃತವಾಯಿತು. ಪ್ರತಿ ಹಾಡಿಗೂ ಹನ್ನೆರಡು ಅಕ್ಷರಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಕೇತವನ್ನು ಅವರೇ ಕೊಟ್ಟರು. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ವಿತರಕರನ್ನು ಬದಲಿಸಿದರೆ ಅದೇ ಸಂಕೇತ ಬೇಕಾಗುತ್ತದೆ. ವಿತರಕರು ಅಮೆರಿಕದವರಾದ್ದರಿಂದ ಡಬ್ಲ್ಯೂ-8ಬೆನ್ ಎಂಬ ತೆರಿಗೆ ನಮೂನೆ ತುಂಬಬೇಕಾಯಿತು, ಅದರಲ್ಲಿ ನಮ್ಮ ಪಾನ್ ಸಂಖ್ಯೆ ಸಾಕು. ತಂಡದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಪಾಲುದಾರಿಕೆ ಪತ್ರ ಮತ್ತು ಪ್ರತ್ಯೇಕ ಪಾನ್ ಕೇಳಿದರು. ಸದ್ಯಕ್ಕೆ ನನ್ನ ಖಾತೆಗೇ ಹಣ ಬರುತ್ತದೆ, ಲೆಕ್ಕ ಎಲ್ಲರ ಫೋನಿನಲ್ಲಿದೆ.

ಬಿಡುಗಡೆಯ ದಿನ ಬೆಳಿಗ್ಗೆ ಹುಡುಕಿದರೆ ಆಲ್ಬಂ ಇತ್ತು, ಆದರೆ ನಮ್ಮ ಪುಟದಲ್ಲಲ್ಲ. ನಮ್ಮದೇ ಹೆಸರಿನ, ಬೇರೆ ದೇಶದ ನೃತ್ಯಸಂಗೀತದವರೊಬ್ಬರ ಪುಟದಲ್ಲಿ ಒಂಬತ್ತೂ ಹಾಡುಗಳು ಕೂತಿದ್ದವು. ಬೇರ್ಪಡಿಸಲು ಹನ್ನೊಂದು ದಿನ ಬೇಕಾಯಿತು. ಹೊಸ ಕೇಳುಗರು ಬರೆದ ಮೊದಲ ಮೂರು ದಿನಗಳ ಉತ್ಸಾಹದ ಸಂದೇಶಗಳೆಲ್ಲ ಆ ಅಪರಿಚಿತನಿಗೆ ಹೋದವು. ಹೆಸರಿಡುವ ಮುನ್ನ ತಾಣಗಳಲ್ಲಿ ಹುಡುಕಿ ನೋಡಿ, ಏರಿಸುವಾಗ "ಹೊಸ ಕಲಾವಿದರು" ಎಂಬುದನ್ನು ಆರಿಸಿ, ಬಿಡುಗಡೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಏರಿಸಿ. ಸ್ಪಾಟಿಫೈನ ಸಂಪಾದಕರಿಗೆ ಹಾಡನ್ನು ಸೂಚಿಸುವುದಾದರೆ ಏಳು ದಿನವಾದರೂ ಮೊದಲು ಮಾಡಬೇಕು, ನಾವು ನಾಲ್ಕು ದಿನ ಇರುವಾಗ ಮಾಡಿದೆವು.

ತಮಟೆಯ ಮೂವರಿಗೂ ಆಲ್ಬಮ್ಮನ್ನು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟು ಬಂದಿದ್ದೆ. ಮೊದಲ ಗಳಿಕೆಯ ವರದಿ ಕಳೆದ ವಾರ ಬಂತು. ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ಹಣ ಕೊಡುವುದಿಲ್ಲ. ನಮ್ಮ ಒಂಬತ್ತರಲ್ಲಿ ಸಾವಿರ ದಾಟಿದ್ದು ಎರಡು, ಒಂದು ಆರನೆಯದು. ಅದರ ಪಾಲಿಗೆ ಬಂದದ್ದು 260 ರೂಪಾಯಿ. ಶೇಕಡ 30ರಂತೆ 78, ಮೂವರಿಗೆ ತಲಾ 26. ಫೋನಿನಲ್ಲಿಯೇ ಕಳಿಸಿ, ರಸೀದಿಗೆ ಸಹಿ ತರಲು ಭಾನುವಾರ ಅವರ ಊರಿಗೆ ಹೋದೆ. ಹಿರಿಯರು ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಆ ಹಾಡನ್ನು ಹಾಕಿಸಿದರು. ಮುಗಿದ ಮೇಲೆ, ಮೂರನೆಯ ಚರಣದಲ್ಲಿ ಬಾಸ್ ಒಂದು ಪೆಟ್ಟು ಹಿಂದೆ ಬಿದ್ದಿದೆಯಲ್ಲ ಎಂದು ನನ್ನನ್ನು ನೋಡಿದರು. ಬಿದ್ದಿದೆ. ಹದಿನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಆಮೇಲೆ ಅವರು ಸಹಿ ಹಾಕಿ, ಈ ಇಪ್ಪತ್ತಾರು ರೂಪಾಯಿ ಪ್ರತಿ ತಿಂಗಳೂ ಬರುತ್ತದೋ, ಜಾತ್ರೆಗೊಮ್ಮೆ ಮಾತ್ರವೋ ಎಂದು ಕೇಳಿದರು.